ಹಲ್ಲಿಗೆ ಕ್ಲಿಪ್ಪು ಬಂದ ಮೇಲೆ

“ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆಯಿಲ್ಲ” ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಮೂರನೆಯ ವರ್ಗವೊಂದನ್ನು ಕಂಡಿರಲಿಲ್ಲವೆಂದು ತೋರುತ್ತದೆ. ಆ ವರ್ಗದವರಿಗೆ ಕಡಲೆಯೂ ಉಂಟು, ಹಲ್ಲೂ ಉಂಟು. ಕಡಿಯುವ ಯೋಗ ಮಾತ್ರವಿಲ್ಲ. ಹಲ್ಲಿಗೆ ಹೊಸದಾಗಿ ಕ್ಲಿಪ್ಪು ಹಾಕಿಸಿಕೊಂಡವರ ಪಾಡು ಇದು.

ನಮ್ಮ ಮನೆಯಲ್ಲಿ ಈ ಪಾಡು ಒದಗಿದ್ದು ೧೩ ವರ್ಷದ ಮಗಳಿಗೆ. ಅವಳ ಮೇಲಿನ ಸಾಲಿನ ಹಲ್ಲುಗಳು ಮುಂದಕ್ಕೆ ಉಬ್ಬಿದ್ದವು. ನಗು ಬಂದಾಗಲೆಲ್ಲ ಅಂಗೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತಿತ್ತು. ಹೆಣ್ಣುಮಗುವಿನ ಸಹಜವಾದ ನಾಚಿಕೆಯೆಂದೇ ನಾವು ಬಹುಕಾಲ ಎಣಿಸಿದ್ದೆವು. ಒಂದು ದಿನ ಮನೆಯ ಭಾವಚಿತ್ರಗಳನ್ನು ನೋಡುತ್ತಿದ್ದಾಗ, ಮೂರು ವರ್ಷಗಳಿಂದ ಒಂದರಲ್ಲಿಯೂ ಅವಳು ತುಟಿ ತೆರೆದಿಲ್ಲವೆಂಬುದು ಕಣ್ಣಿಗೆ ಬಿತ್ತು. ಮರುವಾರವೇ ದಂತವೈದ್ಯರಲ್ಲಿಗೆ ಹೋದೆವು. ಡಿಸೆಂಬರ್ ಕೊನೆಯಲ್ಲಿ, ಒಂದೊಂದು ಹಲ್ಲಿಗೂ ಬ್ರಾಕೆಟ್ ಎಂಬ ಲೋಹದ ಪುಟ್ಟ ತುಣುಕನ್ನು ಅಂಟಿಸಿ, ಎಲ್ಲಕ್ಕೂ ಒಂದೇ ತಂತಿಯನ್ನು ಪೋಣಿಸಿ ಅವರು ನಮ್ಮನ್ನು ಬೀಳ್ಕೊಟ್ಟರು.

ಆ ಸಂಜೆ ನೋವೇ ಇರಲಿಲ್ಲ. “ಇಷ್ಟೇನೇ!” ಎಂದು ಹುಡುಗಿ ಹಿಗ್ಗಿದಳು. ಮರುದಿನ ಬೆಳಗ್ಗೆ ದೋಸೆಯ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂದಿತು. ಈ ನೋವಿನ ಕ್ರಮವೇ ಹೀಗೆ: ತಂತಿ ಬಿಗಿದ ಕೆಲವು ಗಂಟೆಗಳ ಮೇಲೆ ತಲೆದೋರಿ, ಒಂದೆರಡು ದಿನಗಳಲ್ಲಿ ಏರಿ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ.

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ದವಡೆಯಲ್ಲಿ ಕೂತಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ನವಿರಾದ ನಾರುಗಳ ತೆಳುವಾದ ಪದರವೊಂದಿದೆ. ತಂತಿಯ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಹಲ್ಲು ಸರಿದುಹೋದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ಈ ಪ್ರಯಾಣಕ್ಕೆ ಸಾಮಾನ್ಯವಾಗಿ ೧೮ರಿಂದ ೨೪ ತಿಂಗಳು ಬೇಕು. ಅವಸರಪಟ್ಟು ಹೆಚ್ಚು ಬಿಗಿದರೆ ಹಲ್ಲಿನ ಬೇರಿಗೇ ಅಪಾಯ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ೧೭೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ, ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸರಿಪಡಿಸುವ ಕ್ರಮವನ್ನು ವರ್ಣಿಸಿದ್ದಾನೆ. ಹಿಂದೆ ಒಂದೊಂದು ಹಲ್ಲಿಗೂ ಸುತ್ತ ಲೋಹದ ಬಳೆ ತೊಡಿಸಬೇಕಾಗಿತ್ತು. ಆಮ್ಲವನ್ನು ಸವರಿ ಹಲ್ಲಿನ ಮೇಲ್ಮೈಯನ್ನು ತುಸು ಒರಟಾಗಿಸಿದರೆ ಅಂಟು ಬಲವಾಗಿ ಹಿಡಿಯುತ್ತದೆಂದು ೧೯೫೫ರಲ್ಲಿ ಅಮೆರಿಕದ ಮೈಕೆಲ್ ಬೂನೊಕೋರ್ ತೋರಿಸಿಕೊಟ್ಟ ಮೇಲೆ, ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೇ ಅಂಟಿಸುವ ಹಾದಿ ತೆರೆಯಿತು.

ಆದರೆ ಚರಿತ್ರೆಯಿಂದ ಹೊಟ್ಟೆ ತುಂಬದಷ್ಟೆ! ನಮ್ಮ ಅಡಿಗೆಮನೆಯ ಕ್ರಮವೇ ಬದಲಾಯಿತು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಡಲೆಮಿಠಾಯಿಗಳಿಗೆ ಬಹಿಷ್ಕಾರ. ಕಚ್ಚಿದರೆ ಬ್ರಾಕೆಟ್ ಕಿತ್ತುಬರುತ್ತದೆ. ಮೊಸರನ್ನ, ಪೊಂಗಲ್, ಸಾರಿನಲ್ಲಿ ನೆನೆದ ಇಡ್ಲಿ, ಮಾಗಿದ ಬಾಳೆಹಣ್ಣುಗಳಿಗೆ ಸ್ವಾಗತ. ಅಗಿಯದೆ ನುಂಗುವ ರಾಗಿಮುದ್ದೆಯಂತೂ ಈ ಕಾಲಕ್ಕೆಂದೇ ಹುಟ್ಟಿದ ಆಹಾರವೆನ್ನಬೇಕು. ಸೀಬೆಹಣ್ಣನ್ನು ಕಚ್ಚುವ ಬದಲು ತೆಳುವಾಗಿ ಹೆಚ್ಚಿ ಕೊಟ್ಟರಾಯಿತು.

ತುಟಿಯ ಒಳಭಾಗ ಉಜ್ಜಿ ಹುಣ್ಣಾಗುವುದುಂಟು. ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಚುಚ್ಚುವ ಬ್ರಾಕೆಟ್ಟನ್ನು ಒರಸಿ, ವೈದ್ಯರು ಕೊಟ್ಟ ಮೇಣದ ಪುಟ್ಟ ಉಂಡೆಯನ್ನು ಅದರ ಮೇಲೆ ಒತ್ತಿದರೆ ಹಾಯೆನಿಸುತ್ತದೆ. ತಂತಿಯ ತುದಿ ಹೊರಬಂದರೆ ಮನೆಯ ಕತ್ತರಿಯಿಂದ ಸಾಹಸ ಮಾಡದೆ ವೈದ್ಯರಲ್ಲಿಗೇ ಹೋಗಬೇಕು.

ನಮ್ಮ ಹುಡುಗಿಗೆ ಊಟಕ್ಕಿಂತ ದೊಡ್ಡ ಕಷ್ಟವೆನಿಸಿದ್ದು ಮಾತು. ಪ, ಬ, ಮಗಳನ್ನು ನುಡಿಯಲು ತುಟಿಗಳು ಕೂಡಬೇಕು. ವಕಾರಕ್ಕೆ ಕೆಳತುಟಿ ಮೇಲಿನ ಹಲ್ಲನ್ನು ಮುಟ್ಟಬೇಕು. ಮುಟ್ಟುವ ಜಾಗದಲ್ಲಿಯೇ ಲೋಹ! ಶಾಲೆಯಲ್ಲಿ ಪಾಠ ಓದುವಾಗ ತೊದಲಿದಳಂತೆ, ಯಾರೋ ನಕ್ಕರಂತೆ. ಮೊದಲು ಉಬ್ಬುಹಲ್ಲನ್ನು ಮುಚ್ಚುತ್ತಿದ್ದ ಅಂಗೈ ಈಗ ಕ್ಲಿಪ್ಪನ್ನು ಮುಚ್ಚತೊಡಗಿತು. “ಇದನ್ನು ತೆಗೆಸಿಬಿಡು ಅಮ್ಮಾ” ಎಂದು ಹಟ ಹಿಡಿದಳು. ಬಲವಂತದಿಂದ ತಪ್ಪು ಮಾಡಿದೆವೇನೋ ಎಂದು ನನಗೂ ಆ ರಾತ್ರಿ ನಿದ್ರೆ ಬರಲಿಲ್ಲ.

ಅಷ್ಟರಲ್ಲಿ ಸಂಕ್ರಾಂತಿ ಬಂದಿತು. ಎಳ್ಳು ಬೀರಲು ಹೋಗುವುದಿಲ್ಲವೆಂದು ಹುಡುಗಿ ಕೋಣೆ ಸೇರಿದಳು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ಹಬ್ಬ. ಅವಳಿಗೆ ತಿನ್ನಲೂ ಆಗದು, ಆಡಲೂ ಮನಸ್ಸಿಲ್ಲ. ಆಗ ನಮ್ಮ ಅತ್ತೆಯವರು ಎಲೆಯಡಿಕೆ ಕುಟ್ಟುವ ತಮ್ಮ ಪುಟ್ಟ ಕುಟ್ಟಾಣಿಯನ್ನು ಚೆನ್ನಾಗಿ ತೊಳೆದು, ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಯನ್ನು ಅದರಲ್ಲಿ ನುಣ್ಣಗೆ ಕುಟ್ಟಿ ಎರಡು ಪಾಲು ಮಾಡಿದರು.

“ಬಾ ಪುಟ್ಟಿ, ನನಗೂ ನಿನಗೂ ಒಂದೇ ಪಥ್ಯ ಕಣೇ. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಮೊದಲ ವಾರ ನಿಮ್ಮ ತಾತನ ಹೆಸರೂ ನನ್ನ ಬಾಯಲ್ಲಿ ನೆಟ್ಟಗೆ ಬರಲಿಲ್ಲ!”

“ನೀವು ತಾತನ ಹೆಸರು ಹೇಳುತ್ತಲೇ ಇರಲಿಲ್ಲವಲ್ಲ ಅಜ್ಜಿ!” ಎಂದು ಹುಡುಗಿ ನಕ್ಕುಬಿಟ್ಟಳು. ನಗು ಮುಗಿದ ಮೇಲೆಯೇ ಅವಳಿಗೆ ಅಂಗೈಯ ನೆನಪಾದದ್ದು. ಅಂದಿನಿಂದ ರಾತ್ರಿ ಹತ್ತು ನಿಮಿಷ ಅಜ್ಜಿಗೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಹೇಳುವ ಕೆಲಸ ಅವಳದಾಯಿತು. ಎರಡು ವಾರಗಳಲ್ಲಿ ವಕಾರ ದಾರಿಗೆ ಬಂದಿತು.

ಇನ್ನುಳಿದದ್ದು ಶುಚಿತ್ವ. ಎಳ್ಳುಬೆಲ್ಲವಾಗಲಿ ಅನ್ನವಾಗಲಿ, ಬ್ರಾಕೆಟ್ಟಿನ ಸುತ್ತ ಉಳಿದ ಅಂಶ ಹುಳುಕಿಗೆ ಆಹ್ವಾನ. ಪ್ರತಿ ಊಟದ ಮೇಲೂ ಮೃದುವಾದ ಬ್ರಷ್ಷಿನಿಂದ, ಸಂದುಗಳಿಗೆ ಚಿಕ್ಕ ಬ್ರಷ್ಷಿನಿಂದ ಶುಚಿಮಾಡಬೇಕು. ಉದಾಸೀನ ಮಾಡಿದರೆ ಕ್ಲಿಪ್ಪು ತೆಗೆದ ದಿನ ನೇರವಾದ ಹಲ್ಲುಗಳ ಮೇಲೆ ಬಿಳಿಯ ಕಲೆಗಳು ಕಾಣುತ್ತವೆ. ತೆಗೆದ ಮೇಲೂ ರಿಟೈನರ್ ಎಂಬ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸಬೇಕು. ಇಲ್ಲವಾದರೆ ಹಲ್ಲುಗಳು ಹಳೆಯ ಜಾಗವನ್ನು ಹುಡುಕಿಕೊಂಡು ಹೊರಡುತ್ತವೆ.

ಮಕ್ಕಳಿಗೆ ಕ್ಲಿಪ್ಪು ಹಾಕಿಸಲಿರುವ ತಂದೆತಾಯಂದಿರಿಗೆ ನನ್ನ ಬಿನ್ನಹವಿಷ್ಟೆ. ಹಲ್ಲು ನೇರಮಾಡುವ ಕೆಲಸವನ್ನು ವೈದ್ಯರೂ ತಂತಿಯೂ ನೋಡಿಕೊಳ್ಳುವರು. ಮೊದಲ ಕೆಲವು ವಾರ ಮಗುವಿನ ತಟ್ಟೆಯನ್ನೂ ಮಾತನ್ನೂ ನಗುವನ್ನೂ ನೋಡಿಕೊಳ್ಳಬೇಕಾದವರು ಮನೆಯವರು. ನಮ್ಮ ಹುಡುಗಿಯ ಕ್ಲಿಪ್ಪು ತೆಗೆಯಲು ಇನ್ನೂ ಒಂದೂವರೆ ವರ್ಷವಿದೆ. ಆದರೆ ಈ ಸಂಕ್ರಾಂತಿಯ ಭಾವಚಿತ್ರದಲ್ಲಿ, ಅಜ್ಜಿಯ ಪಕ್ಕದಲ್ಲಿ, ತಂತಿಯಷ್ಟೂ ಕಾಣುವಂತೆ ಅವಳು ನಕ್ಕಿದ್ದಾಳೆ.