ಕೈ ನಡುಗುತ್ತದೆಂದು ಕುಂಚ ಕೆಳಗಿಡಬೇಡಿ

ನೌಕರಿಯಿಂದ ನಿವೃತ್ತರಾದವರು, ಮಕ್ಕಳ ಮದುವೆ ಮುಗಿಸಿದ ಗೃಹಿಣಿಯರು ಜಲವರ್ಣ ಚಿತ್ರ ಕಲಿಯಬೇಕೆಂದು ಆಸೆಯಿಂದ ಬಣ್ಣದ ಡಬ್ಬಿ ತರುತ್ತಾರೆ. ತಿಂಗಳೊಳಗೆ ಅದು ಮೊಮ್ಮಕ್ಕಳ ಪಾಲಾಗಿರುತ್ತದೆ. ಕೇಳಿದರೆ, "ವಯಸ್ಸಾಯ್ತಲ್ಲ ಡಾಕ್ಟ್ರೇ, ಕಣ್ಣು ಕಾಣಲ್ಲ, ಕೈ ನಿಲ್ಲಲ್ಲ" ಎನ್ನುತ್ತಾರೆ. ಹೀಗೆ ವಯಸ್ಸಿನ ಮೇಲೆ ಹೊರಿಸುವ ದೂರುಗಳಲ್ಲಿ ಅನೇಕಕ್ಕೆ ಪರಿಹಾರವಿದೆ.

ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟ, ರಾಜಕೀಯಗಳಲ್ಲಿ ವರ್ಷಗಟ್ಟಲೆ ಕಳೆದು, ಐವತ್ತು ದಾಟಿದ ಮೇಲೆ 1962ರಲ್ಲಿ ಮತ್ತೆ ಕುಂಚ ಹಿಡಿದರು. ಅವರು ಮೊದಲೇ ಕಲಿತಿದ್ದವರು, ನಿಜ. ಆದರೂ ಆ ವಯಸ್ಸಿನ ಕಣ್ಣು, ಕೈಗಳೇ ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿದವು.

ಮೊದಲು ನಮ್ಮೂರಿನ ಹವೆಯ ಮಾತು. ಜಲವರ್ಣದಲ್ಲಿ ಒಂದು ಬಣ್ಣ ಹಸಿಯಾಗಿರುವಾಗಲೇ ಇನ್ನೊಂದನ್ನು ಸೇರಿಸಬೇಕು. ಚಳ್ಳಕೆರೆಯ ಬೇಸಿಗೆ ಮಧ್ಯಾಹ್ನದಲ್ಲಿ, ಅದೂ ಫ್ಯಾನಿನ ಕೆಳಗೆ ಕುಳಿತರೆ, ಎರಡನೆಯ ಬಾರಿ ಕುಂಚ ಅದ್ದುವುದರೊಳಗೆ ಮೊದಲನೆಯದು ಒಣಗಿರುತ್ತದೆ. ಅದು ನಿಮ್ಮ ಕೈ ನಿಧಾನವಾದದ್ದರಿಂದಲ್ಲ. ಬೆಳಿಗ್ಗೆ ಏಳು ಗಂಟೆಗೆ, ದಪ್ಪ ಕಾಗದವನ್ನು ಎರಡೂ ಬದಿ ಒದ್ದೆ ಮಾಡಿಕೊಂಡು ಪ್ರಯತ್ನಿಸಿ. ಬಂಡೆಗಳಿಂದ ಆರಂಭಿಸುವುದು ಒಳಿತು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಕಡೆ ಅವುಗಳಿಗೇನೂ ಕೊರತೆಯಿಲ್ಲ. ಮನುಷ್ಯರ ಮೂಗು ಸೊಟ್ಟಗಾದರೆ ನೆಂಟರು ನಗುತ್ತಾರೆ, ಬಂಡೆಯ ಅಳತೆ ತಪ್ಪಿದರೆ ಕೇಳುವವರಿಲ್ಲ.

ಇನ್ನು ಕಣ್ಣು. ನಲವತ್ತರ ನಂತರ ಹತ್ತಿರದ ದೃಷ್ಟಿ ಮಂದವಾಗುವುದು ಸಹಜ. ಪರೀಕ್ಷೆ ಮಾಡಿಸಿ ಕನ್ನಡಕ ಪಡೆಯಿರಿ. ಸಂತೆಯಲ್ಲಿ ಕೊಂಡ ಕನ್ನಡಕದಿಂದ ಕಾಲ ತಳ್ಳಬೇಡಿ. ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಬಾಳು ಸವೆಸಿದವರಿಗೆ ಬಣ್ಣದ ಪಾಠ ಹೇಳುವುದು ಬೇಕಿಲ್ಲ. ಅಂಥವರೂ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ತಡವರಿಸತೊಡಗಿದರೆ ಕಣ್ಣಿನ ಪೊರೆಯನ್ನು ಶಂಕಿಸಬೇಕು. ಪೊರೆ ನಿಧಾನವಾಗಿ ಬೆಳೆಯುವುದರಿಂದ ಸ್ವತಃ ರೋಗಿಗೇ ಗೊತ್ತಾಗದು, ಚಿತ್ರ ನೋಡಿದ ಮನೆಯವರಿಗೆ ಮೊದಲು ಗೊತ್ತಾಗಬಹುದು. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಮೊನೆ ಕೂಡ 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಚಿತ್ರ ಬರೆದರು. ನೇರವಾದ ವಿದ್ಯುತ್ ಕಂಬ ನಿಮಗೆ ಡೊಂಕಾಗಿ ಕಂಡರೆ ಮಾತ್ರ ತಡಮಾಡಬೇಡಿ. ಅಕ್ಷಿಪಟಲದ ತೊಂದರೆಯಿರಬಹುದು.

ಕೈ ನಡುಕಕ್ಕೂ ಹಲವು ಕಾರಣಗಳು. ಕುಂಚವನ್ನೋ ಕಾಫಿ ಲೋಟವನ್ನೋ ಎತ್ತಿದಾಗ ಮಾತ್ರ ಬರುವ ನಡುಕ ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿರುತ್ತದೆ, ಅದಕ್ಕೆ ಮಾತ್ರೆಗಳಿವೆ. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗುತ್ತಿದ್ದು, ಅಕ್ಷರವೂ ಬರಬರುತ್ತಾ ಚಿಕ್ಕದಾಗುತ್ತಿದ್ದರೆ ಪಾರ್ಕಿನ್‌ಸನ್ ರೋಗವಿರಬಹುದು. ಜೊತೆಗೆ ಎದೆಬಡಿತ, ತೂಕ ಇಳಿತ ಇದ್ದರೆ ಥೈರಾಯ್ಡ್ ಪರೀಕ್ಷೆಯಾಗಬೇಕು. ಉಬ್ಬಸಕ್ಕೆ ನುಂಗುವ ಸಾಲ್ಬ್ಯುಟಮಾಲ್ ಮಾತ್ರೆಯೂ ಕೈ ನಡುಗಿಸಬಲ್ಲದು. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸದೆ, ಅದನ್ನು ವೈದ್ಯರಿಗೆ ತೋರಿಸಿ. ಎಲ್ಲಕ್ಕೂ ಮುನ್ನ ಮೊಣಕೈಯನ್ನು ಮೇಜಿನ ಮೇಲೆ ಊರಿ ನೋಡಿ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ಮನೆಯವರು ಗಮನಿಸಬೇಕಾದದ್ದು ಇನ್ನೊಂದಿದೆ. ನಿನ್ನೆಯವರೆಗೆ ಹಾಳೆ ತುಂಬ ಚಿತ್ರ ಬರೆಯುತ್ತಿದ್ದ ಅಜ್ಜ, ಇಂದು ಎಡಭಾಗವನ್ನು ಖಾಲಿ ಬಿಟ್ಟು "ಮುಗೀತು" ಎಂದರೆ ಅದನ್ನು ಮರೆವೆಂದು ತಳ್ಳಿಹಾಕಬೇಡಿ. ಮೆದುಳಿನ ಬಲಭಾಗಕ್ಕೆ ಲಕ್ವ ಹೊಡೆದಾಗ ಕೆಲವರಿಗೆ ಎಡಗಡೆ ಜಗತ್ತೇ ಇಲ್ಲದಂತಾಗುತ್ತದೆ. ಕೈಕಾಲು ಚೆನ್ನಾಗಿಯೇ ಆಡುತ್ತಿರಬಹುದು. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಚಿತ್ರದುರ್ಗವೋ ಬಳ್ಳಾರಿಯೋ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. ಜಲವರ್ಣವನ್ನು ಹಿಡಿದಿಡುವುದು ಜಾಲಿ ಜಾತಿಯ ಮರದ ಗೋಂದು; ಅದರಿಂದ ಅಪಾಯವಿಲ್ಲ. ಆದರೆ ಕೆಲವು ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವ ಅಭ್ಯಾಸ ಬೇಡ. ಅಮೆರಿಕದ ಕಾರ್ಖಾನೆಗಳಲ್ಲಿ ಗಡಿಯಾರಕ್ಕೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಹಾಗೆ ಮಾಡಿಯೇ 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ನಿಮ್ಮ ಡಬ್ಬಿಯಲ್ಲಿ ರೇಡಿಯಂ ಇಲ್ಲ, ಆದರೂ ಹಳೆಯ ಬಟ್ಟೆಯ ತುಂಡಿಗೆ ಒರೆಸಿ ಚೂಪು ಮಾಡಿಕೊಳ್ಳಿ. ಕುಂಚ ತೊಳೆಯುವ ನೀರನ್ನು ಕುಡಿಯುವ ಲೋಟದಲ್ಲಿ ಇಡಬೇಡಿ. ಮನೆಯಲ್ಲಿ ಮಕ್ಕಳಿರುತ್ತವೆ.