ಮೂವತ್ತು ಜನರ ಯುಗಾದಿ ಊಟ

ಜನ ಹೆಚ್ಚಾದರೆ ಹಬ್ಬದ ಖರ್ಚು ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಡುಗೆಮನೆಯಲ್ಲಿ ನಿಂತು ನೋಡಿದರೆ ಖರ್ಚನ್ನು ಏರಿಸುವುದು ಬಗೆಗಳ ಸಂಖ್ಯೆ. ಮೂವತ್ತು ಜನಕ್ಕೆ ಐದು ಬಗೆ ಮಾಡಿದರೂ ಒಂದೊಂದನ್ನೂ ಮೂವತ್ತು ಜನಕ್ಕೆ ಸಾಲುವಷ್ಟು ಮಾಡುತ್ತೇವೆ, ಹನ್ನೆರಡು ಬಗೆ ಮಾಡಿದರೂ ಅಷ್ಟೇ ಮಾಡುತ್ತೇವೆ. ಉಣ್ಣುವವರ ಹೊಟ್ಟೆ ಮಾತ್ರ ಬಗೆ ಹೆಚ್ಚಿದಂತೆ ಹಿಗ್ಗುವುದಿಲ್ಲ. ಎಲ್ಲದರಲ್ಲೂ ಒಂದೊಂದು ಚಮಚ ರುಚಿ ನೋಡಿ ಎದ್ದವರ ಹಿಂದೆ ಪಾತ್ರೆಗಳು ಕಾಲುಭಾಗ, ಅರ್ಧಭಾಗ ಉಳಿಯುತ್ತವೆ. ಆದ್ದರಿಂದ ಕಡಿಮೆ ಖರ್ಚಿನ ಹಬ್ಬದ ಊಟವೆಂದರೆ ಕಡಿಮೆ ಬಡಿಸುವುದಲ್ಲ. ಬಗೆ ಕಡಿಮೆ ಮಾಡಿ, ಮಾಡಿದ್ದನ್ನು ಹೊಟ್ಟೆ ತುಂಬ ಬಡಿಸುವುದು.

ತಾವೇ ಬಡಿಸಿಕೊಳ್ಳುವ ಬಫೆ ಪದ್ಧತಿ ಹಬ್ಬದ ಮನೆಗೆ ಒಗ್ಗುವುದಿಲ್ಲ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಪ್ರೀತಿ ಇದೆ, ಎಲೆಯ ಮುಂದೆ ಕೂರಿಸಿ ಉಪಚಾರ ಮಾಡುವ ಸುಖ ಬೇರೆಯೇ. ಆದರೆ ಎರಡು ಪಂಕ್ತಿ ಎದ್ದ ಮೇಲೆ, ಮೂರು ಗಂಟೆಗೆ, ಆರಿದ ಅನ್ನ ಕಲಸಿಕೊಂಡು ಅಡುಗೆಮನೆಯಲ್ಲೇ ಕೂರುವವರು ಯಾರು? ಬೆಳಗಿನಿಂದ ಒಲೆಯ ಮುಂದೆ ನಿಂತ ಅಮ್ಮ, ಅತ್ತಿಗೆ, ಚಿಕ್ಕಮ್ಮಂದಿರೇ. ಅಡುಗೆ ಮಾಡಿದವರೂ ಎಲ್ಲರ ಜೊತೆ ಬಿಸಿಯಾಗಿ ಉಣ್ಣುವಂತಾದರೆ ಅದೊಂದೇ ಕಾರಣಕ್ಕೆ ಬಫೆಯನ್ನು ಒಪ್ಪಬಹುದು. ಇಲ್ಲಿ ಹೇಳುವ ಲೆಕ್ಕವೆಲ್ಲ ಅದಕ್ಕಾಗಿಯೇ.

ಬೇವು-ಬೆಲ್ಲದ ನಂತರ ಮೇಜಿನ ಮೇಲೆ ಇಷ್ಟು ಸಾಕು: ಹೆಸರುಬೇಳೆ ಕೋಸಂಬರಿ, ಒಂದು ಪಲ್ಯ, ಮಾವಿನಕಾಯಿ ಚಿತ್ರಾನ್ನ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಅನ್ನ, ಮೊಸರು, ಹಪ್ಪಳ, ಉಪ್ಪಿನಕಾಯಿ. ಪಾಯಸ ಬೇಡ, ಒಬ್ಬಟ್ಟಿರುವಾಗ ಎರಡನೆಯ ಸಿಹಿ ತಟ್ಟೆಯಲ್ಲೇ ಉಳಿಯುತ್ತದೆ. ಅಂಬೊಡೆ ಬಿಡಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಮೂವತ್ತು ಜನರ ಅಂಬೊಡೆ ಎಂದರೆ ಒಬ್ಬರು ಗಂಟೆಗಟ್ಟಲೆ ಬಾಣಲೆಗೆ ಕಟ್ಟುಬಿದ್ದಂತೆ, ಕರಿದು ಉಳಿದ ಎಣ್ಣೆಯ ಖರ್ಚು ಬೇರೆ. ಅದನ್ನು ಗೌರಿ-ಗಣೇಶನ ಹಬ್ಬಕ್ಕೆ ಇಟ್ಟುಕೊಳ್ಳಿ.

ಈ ಊಟದ ಜೀವ ಇರುವುದು ಒಬ್ಬಟ್ಟು ಮತ್ತು ಅದರ ಸಾರಿನ ಜೋಡಿಯಲ್ಲಿ. ಒಂದೇ ಬೇಳೆ, ಒಂದೇ ಬೇಯಿಸುವಿಕೆ, ಎರಡು ಅಡುಗೆ. ಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಬೇಳೆ ಹೂರಣಕ್ಕೆ ಹೋಗುತ್ತದೆ, ಬಸಿದ ಕಟ್ಟು ಸಾರಿಗೆ ಬರುತ್ತದೆ. ಬೇಳೆಯ ಸಾರವೆಲ್ಲ ಸ್ವಲ್ಪ ಸ್ವಲ್ಪವಾಗಿ ಇಳಿದಿರುವ ಆ ಕಟ್ಟಿಗೆ ಹುಣಸೆ ರಸ, ಸಾರಿನ ಪುಡಿ, ರುಬ್ಬಿದ ಕಾಯಿ, ಒಂದು ಹಿಡಿ ಹೂರಣ ಬಿದ್ದು, ಇಂಗು-ಸಾಸಿವೆಯ ಒಗ್ಗರಣೆ ಕೂಡಿದಾಗ ಬೇರೆ ಬೇಳೆಯ ಅಗತ್ಯವೇ ಇರುವುದಿಲ್ಲ. ಬಡತನವನ್ನೂ ಹಬ್ಬವನ್ನೂ ಒಟ್ಟಿಗೆ ನಿಭಾಯಿಸಿದ ನಮ್ಮ ಹಿಂದಿನ ಹೆಂಗಸರ ಜಾಣತನವನ್ನು ನೋಡಬೇಕೆಂದರೆ ಈ ಸಾರಿನಲ್ಲಿ ನೋಡಬೇಕು. ಹೂರಣಕ್ಕೆ ಹಳೆ ಮೈಸೂರಿನ ಕಡೆ ತೊಗರಿಬೇಳೆ ಹಾಕುವವರು ಬಹಳ, ಉತ್ತರ ಕರ್ನಾಟಕದ ಹೋಳಿಗೆಗೆ ಕಡಲೆಬೇಳೆ. ತೊಗರಿ ದುಬಾರಿಯಾದ ವರ್ಷ ಕಡಲೆಬೇಳೆಯ ದಾರಿ ಹಿಡಿಯಬಹುದು. ಬೇಳೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗಬೇಕು, ನೀರಿನಲ್ಲಿ ಕರಗಬಾರದು. ಬಸಿಯುವಾಗ ಆತುರಪಟ್ಟರೆ ಬೆಲ್ಲ ನೀರೊಡೆದು ಹೂರಣ ಸಡಿಲವಾಗುತ್ತದೆ, ಆಮೇಲೆ ಲಟ್ಟಿಸುವಾಗ ಒಬ್ಬಟ್ಟು ಹರಿದು ಹೂರಣ ಕಾವಲಿಗೆ ಹತ್ತುತ್ತದೆ.

ಈಗ ಅಳತೆ. ಮೊದಲು ತಲೆಯೆಣಿಕೆ: ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳನ್ನು ಒಬ್ಬ ದೊಡ್ಡವರೆಂದು ಹಿಡಿಯಿರಿ. 26 ದೊಡ್ಡವರು, 8 ಮಕ್ಕಳು ಬಂದರೆ 30 ಊಟ. ತಲೆಗೆ ಎರಡರಂತೆ 60 ಒಬ್ಬಟ್ಟಿಗೆ ಒಂದೂವರೆ ಕೆಜಿ ಬೇಳೆ, ಅಷ್ಟೇ ಬೆಲ್ಲ, ಕಣಕಕ್ಕೆ ಒಂದು ಕೆಜಿ ಮೈದಾ ಅಥವಾ ಚಿರೋಟಿ ರವೆ. ನಾಲ್ಕೈದು ಹೆಚ್ಚೇ ಆಗುತ್ತವೆ. ಅನ್ನ ಮತ್ತು ಚಿತ್ರಾನ್ನ ಎರಡಕ್ಕೂ ಸೇರಿ ಮೂರು ಕೆಜಿ ಅಕ್ಕಿ, ಅಂದರೆ ತಲೆಗೆ ನೂರು ಗ್ರಾಂ. ಅದರಲ್ಲಿ ಚಿತ್ರಾನ್ನದ ಪಾಲು ಒಂದೂಕಾಲು ಕೆಜಿ, ಅದಕ್ಕೆ ಹುಳಿ ನೋಡಿಕೊಂಡು ಮೂರು-ನಾಲ್ಕು ಮಾವಿನಕಾಯಿ. ಹಳೆ ಅಕ್ಕಿಯಾದರೆ ಚೆನ್ನಾಗಿ ಒದಗುತ್ತದೆ, ಅಗಳು ಬಿಡಿಬಿಡಿಯಾಗಿಯೂ ಇರುತ್ತದೆ. ಇನ್ನು ಅರ್ಧ ಕೆಜಿ ಅಕ್ಕಿಯನ್ನು ಅಳೆದು, ಕುಕ್ಕರಿನ ಪಕ್ಕದಲ್ಲೇ ಇಟ್ಟುಕೊಂಡಿರಿ, ತೊಳೆಯಬೇಡಿ. ಅನ್ನ ಸಾಲದು ಎನಿಸಿದ ಕ್ಷಣ ಕುಕ್ಕರ್ ಇಟ್ಟರೆ ಮೊಸರನ್ನದ ಹೊತ್ತಿಗೆ ಆಗಿರುತ್ತದೆ, ಸಾಕಾದರೆ ಆ ಅಕ್ಕಿ ಡಬ್ಬಿಗೆ ವಾಪಸು. ಅನ್ನ ಎಲ್ಲಿ ಸಾಲದೇ ಹೋಗುತ್ತದೋ ಎಂಬ ಭಯದಿಂದಲೇ ಹಬ್ಬದ ಮನೆಗಳಲ್ಲಿ ಅತಿಯಾಗಿ ಬೇಯಿಸುವುದು. ಆ ಭಯಕ್ಕೆ ಈ ಅರ್ಧ ಕೆಜಿ ಅಕ್ಕಿ ಸಾಕು.

ಕೋಸಂಬರಿಗೆ ಅರ್ಧ ಕೆಜಿ ಹೆಸರುಬೇಳೆ, ಒಂದು ಕೆಜಿ ಸೌತೆಕಾಯಿ. ಪಲ್ಯಕ್ಕೆ ಎರಡೂವರೆ ಕೆಜಿ ತರಕಾರಿ. ಮೊಸರು ಮೂರು ಲೀಟರ್, ಅದರಲ್ಲಿ ಅರ್ಧವನ್ನು ಶುಂಠಿ-ಕರಿಬೇವು ಹಾಕಿ ಮಜ್ಜಿಗೆ ಮಾಡಿಡಿ, ಚೈತ್ರದ ಬಿಸಿಲಿನಲ್ಲಿ ಬಂದವರು ಮೊದಲು ಕೇಳುವುದು ಅದನ್ನೇ. ಐದು ತೆಂಗಿನಕಾಯಿ, ಅರ್ಧ ಕೆಜಿ ತುಪ್ಪ.

ತರಕಾರಿಯನ್ನು ಹಬ್ಬದ ಮುನ್ನಾದಿನ ಕೊಳ್ಳಬೇಡಿ, ಅಂದು ಹೂವಿನ ಜೊತೆ ಎಲ್ಲದಕ್ಕೂ ಬೆಲೆ ಏರಿರುತ್ತದೆ. ಎರಡು ಮೂರು ದಿನ ಮೊದಲೇ ಸಂತೆಗೋ ಹಾಪ್‌ಕಾಮ್ಸ್ ಮಳಿಗೆಗೋ ಹೋಗಿ. ಹುರುಳಿಕಾಯಿ ದುಬಾರಿಯಿದ್ದರೆ ಎಲೆಕೋಸು, ಗೋರಿಕಾಯಿ, ಯಾವುದು ಸಿಕ್ಕರೂ ಪಲ್ಯ ಪಲ್ಯವೇ. ತುಪ್ಪದಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡಿ. ಬಿಸಿ ಒಬ್ಬಟ್ಟಿನ ಮೇಲೆ ಬೀಳುವ ಒಂದು ಚಮಚ ಒಳ್ಳೆಯ ತುಪ್ಪದಿಂದಲೇ ಇದು ಹಬ್ಬದ ಊಟ ಎನಿಸಿಕೊಳ್ಳುತ್ತದೆ.

ಕೆಲಸವನ್ನು ಹಿಂದಿನ ದಿನಕ್ಕೆ ಎಷ್ಟು ದೂಡಿದರೆ ಅಷ್ಟು ಒಳ್ಳೆಯದು. ಹಿಂದಿನ ಸಂಜೆ ಬೇಳೆ ಬೇಯಿಸಿ ಹೂರಣ ರುಬ್ಬಿಡಿ, ಬೆಲ್ಲ ಹೆಚ್ಚಿರುವುದರಿಂದ ಫ್ರಿಜ್ಜಿನಲ್ಲಿ ಅದು ಚೆನ್ನಾಗಿರುತ್ತದೆ. ಕಟ್ಟು ಹಾಗಲ್ಲ, ಬೇಸಿಗೆಯಲ್ಲಿ ಬೇಗ ಹಳಸುತ್ತದೆ. ಆರಿದ ಕೂಡಲೇ ಅದೂ ಫ್ರಿಜ್ಜಿಗೆ ಹೋಗಬೇಕು. ಜಾಗವಿಲ್ಲದಿದ್ದರೆ ಬೆಳಿಗ್ಗೆಯೇ ಬೇಳೆ ಬೇಯಿಸುವುದು ಕ್ಷೇಮ. ಕಣಕವನ್ನು ಎಣ್ಣೆಯಲ್ಲಿ ಎರಡು ಮೂರು ಗಂಟೆ ನೆನೆಯಲು ಬಿಟ್ಟರೆ ಹಿಟ್ಟಿನ ಬಿಗಿ ಸಡಿಲಗೊಂಡು ಒಬ್ಬಟ್ಟು ಎಳೆದಷ್ಟು ಹಿಗ್ಗುತ್ತದೆ. ಕೋಸಂಬರಿಗೆ ಎಲ್ಲವನ್ನೂ ಬೆರೆಸಿಡಬಹುದು, ಉಪ್ಪು ಮತ್ತು ನಿಂಬೆರಸ ಮಾತ್ರ ಊಟಕ್ಕೆ ಕರೆಯುವ ಮುಂಚೆ. ಉಪ್ಪು ಬಿದ್ದೊಡನೆ ಸೌತೆಕಾಯಿ ನೀರು ಬಿಡಲು ಶುರುಮಾಡುತ್ತದೆ, ಅರ್ಧ ಗಂಟೆಯಲ್ಲಿ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ಹತ್ತಿರದಲ್ಲಿರುವ ನೆಂಟರು "ನಾವೇನು ತರೋಣ?" ಎಂದು ಕೇಳಿದರೆ ಸಂಕೋಚವಿಲ್ಲದೆ ಹೇಳಿ. ಕೋಸಂಬರಿ ಒಬ್ಬರ ಮನೆಯಿಂದ, ಮೊಸರು ಇನ್ನೊಬ್ಬರ ಮನೆಯಿಂದ ಬರಲಿ. ಹೊಲದಲ್ಲಿ ಮುಯ್ಯಾಳು ಕಟ್ಟಿ ದುಡಿದ ಊರಿನವರಿಗೆ ಇದು ಹೊಸದೇನಲ್ಲ.

ತಾವೇ ಬಡಿಸಿಕೊಳ್ಳುವ ಊಟದಲ್ಲಿ ಅಡುಗೆ ಬಹಳ ಹೊತ್ತು ಮೇಜಿನ ಮೇಲೆ ಇರುತ್ತದೆ. ಹಾಗಾಗಿ ಈ ಮಾತನ್ನು ಒತ್ತಿ ಹೇಳಬೇಕು. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು, ನಡುವಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನ್ನದ ವಿಷಯದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿಯಲ್ಲಿ ಇರಬಹುದು, ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮೂರು ಕೆಜಿ ಅಕ್ಕಿಯನ್ನು ಒಮ್ಮೆಗೇ ಬೇಯಿಸದೆ ಎರಡು ಮೂರು ಸಲ ಬೇಯಿಸಿ. ಸಾರನ್ನು ಸಣ್ಣ ಉರಿಯ ಮೇಲೇ ಬಿಟ್ಟು, ಮೇಜಿಗೆ ಸ್ವಲ್ಪ ಸ್ವಲ್ಪ ತಂದಿಡಿ. ಮಾವಿನಕಾಯಿ ಚಿತ್ರಾನ್ನಕ್ಕೆ ಹಸಿ ಕಾಯಿತುರಿ ಬಿದ್ದಿರುತ್ತದೆ, ಅದು ಬೇಗ ಕೆಡುವ ಪದಾರ್ಥ. ಕಲಸುವುದು ಕೊನೆಗಿರಲಿ.

ಮೇಜನ್ನು ಗೋಡೆಗೆ ಒತ್ತಬೇಡಿ. ಎರಡು ಹೆಜ್ಜೆ ಈಚೆಗೆ ಎಳೆದರೆ ಎರಡೂ ಕಡೆಯಿಂದ ಬಡಿಸಿಕೊಳ್ಳಬಹುದು, ಸರತಿ ಅರ್ಧಕ್ಕೆ ಇಳಿಯುತ್ತದೆ. ತಟ್ಟೆ, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಚಿತ್ರಾನ್ನ, ಆಮೇಲೆ ಅನ್ನ-ಸಾರು. ಮೊಸರು ಮತ್ತು ನೀರು ದೂರದ ಬೇರೊಂದು ಕಡೆ, ಏಕೆಂದರೆ ಅಲ್ಲಿಗೆ ಬರುವವರು ಎರಡನೆಯ ಸಲ ಬರುವವರು. ಚಿತ್ರಾನ್ನಕ್ಕೆ ದೊಡ್ಡ ಸೌಟು ಇಟ್ಟರೆ ಎಲ್ಲರೂ ದೊಡ್ಡ ಸೌಟಿನಷ್ಟೇ ಹಾಕಿಕೊಳ್ಳುತ್ತಾರೆ, ಸಣ್ಣ ಸೌಟಿಡಿ, ಬೇಕಾದವರು ಮತ್ತೆ ಬರಲಿ. ತಟ್ಟೆ ತೊಳೆಯುವ ಕೆಲಸ ತಪ್ಪಿಸಬೇಕೆಂದರೆ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆಗಿಂತ ಅಡಕೆ ಹಾಳೆಯ ತಟ್ಟೆ ಒಳ್ಳೆಯದು, ಸಾರು ಬಿದ್ದರೂ ಬಾಗುವುದಿಲ್ಲ.

ಒಬ್ಬಟ್ಟು ಮೇಜಿನ ಮೇಲೆ ಬೇಡ. ಅದು ಕಾವಲಿಯಿಂದ ನೇರವಾಗಿ ತಟ್ಟೆಗೆ ಬರಲಿ. ಇಬ್ಬರು ತಟ್ಟಿ ಬೇಯಿಸಲಿ, ಅರ್ಧ ಗಂಟೆಗೊಮ್ಮೆ ಆ ಇಬ್ಬರು ಬದಲಾಗಲಿ, ಆ ಸರದಿಯಲ್ಲಿ ಗಂಡಸರೂ ಇರಲಿ. ಅಜ್ಜ-ಅಜ್ಜಿಯರನ್ನು, ಮೊಣಕಾಲು ನೋವಿರುವವರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಅವರಿಗೆ ಕೂತಲ್ಲೇ ಎಲೆ ಹಾಕಿ, ಮನೆಯ ಹುಡುಗರು "ಅಜ್ಜಿ, ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳಿ" ಎಂದು ಕೇಳಿ ಬಡಿಸಲಿ.

ಉಳಿಯುವುದು ಸಾರೊಂದೇ ಆದರೆ ಲೆಕ್ಕ ಸರಿಯಾಗಿತ್ತು ಎಂದರ್ಥ. ಅದನ್ನು ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ಆರಲು ಗಂಟೆಗಳು ಬೇಕು. ಎರಡು ಮೂರು ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೇಸಿನ್ನಿನಲ್ಲಿಟ್ಟು, ಆರಿದೊಡನೆ ಫ್ರಿಜ್ಜಿಗೆ ಇಡಿ. ಮರುದಿನ ಕುದಿಯಲು ಇಟ್ಟಾಗ ಹುಳಿ, ಖಾರ, ಬೆಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಬ್ಬದ ದಿನದ ಸಾರಿಗಿಂತ ಅದನ್ನೇ ಕಾದು ಕೂರುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ.