ಕಂಚಿಗಿಂತ ಮೊದಲು ಮಣ್ಣು

1939ರಲ್ಲಿ ಚೀನಾದ ಹೆನಾನ್ ಪ್ರಾಂತ್ಯದ ಆನ್ಯಾಂಗ್ ಬಳಿ ನೆಲ ಅಗೆದ ಹಳ್ಳಿಗರಿಗೆ ನಾಲ್ಕು ಕಾಲಿನ ಕಂಚಿನ ಪಾತ್ರೆಯೊಂದು ಸಿಕ್ಕಿತು. ತೂಕ ಸುಮಾರು 833 ಕಿಲೋ! ಜಪಾನಿ ಸೈನಿಕರ ಕಣ್ಣಿಗೆ ಬೀಳದಿರಲೆಂದು ಅದನ್ನು ಮತ್ತೆ ಹೂತಿಟ್ಟು, 1946ರಲ್ಲಿ ಹೊರತೆಗೆದರು. ಶಾಂಗ್ ಅರಸರ ಕಾಲದ, ಮೂರು ಸಾವಿರ ವರ್ಷಕ್ಕೂ ಹಳೆಯ ಈ 'ಹೌಮುವು ಡಿಂಗ್' ಈಗ ಬೀಜಿಂಗ್‌ನಲ್ಲಿದೆ.

ದಕ್ಷಿಣ ಭಾರತದ ಶಿಲ್ಪಿಗಳು ವಿಗ್ರಹವನ್ನು ಮೊದಲು ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುತ್ತಾರೆ. ಶಾಂಗ್ ಕುಶಲಕರ್ಮಿಗಳದು ಬೇರೆಯೇ ದಾರಿ. ಪಾತ್ರೆಯ ಪೂರ್ತಿ ಗಾತ್ರದ ಮಣ್ಣಿನ ಮಾದರಿ ಮಾಡಿ, ಅದರ ಮೇಲೆ ಹಸಿಮಣ್ಣನ್ನು ಒತ್ತುತ್ತಿದ್ದರು. ಅದು ಅರೆಬರೆ ಒಣಗಿದಾಗ ಹೋಳುಗಳಾಗಿ ಕೊಯ್ದು ಬಿಡಿಸುತ್ತಿದ್ದರು. ಒಳಮೈಯಲ್ಲಿ ಚಿತ್ತಾರ ತಿದ್ದಿ, ಸುಟ್ಟು, ಒಳಗೊಂದು ಮಣ್ಣಿನ ತಿರುಳಿಟ್ಟು ಮತ್ತೆ ಜೋಡಿಸಿದರೆ ಅಚ್ಚು ಸಿದ್ಧ. ತಿರುಳಿಗೂ ಅಚ್ಚಿಗೂ ನಡುವೆ ಉಳಿದ ಸಂದೇ ಪಾತ್ರೆಯ ದಪ್ಪ.

ಆ ಸಂದು ಎಲ್ಲೆಡೆ ಒಂದೇ ಅಳತೆಯಲ್ಲಿರಬೇಕು. ತಿರುಳು ಬೆರಳಗಲ ಸರಿದರೂ ಪಾತ್ರೆ ತೂತು. ಅದಕ್ಕೆ ಕಂಚಿನ ಚಿಕ್ಕ ಚೂರುಗಳನ್ನು ನಡುವೆ ಸಿಕ್ಕಿಸುತ್ತಿದ್ದರು. ಹೊಯ್ದ ಲೋಹ ಅವುಗಳನ್ನು ನುಂಗಿಕೊಳ್ಳುತ್ತಿತ್ತು. ಇಂದು ಕ್ಷ-ಕಿರಣದಲ್ಲಿ ನೋಡಿದರೆ ಪಾತ್ರೆಯ ಗೋಡೆಯೊಳಗೆ ಅವು ತೇಪೆಗಳಂತೆ ಕಾಣುತ್ತವೆ.

ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ತವರ ಬೆರೆಸಿದರೆ ಅಷ್ಟು ಬೇಡ, ಕಂಚು ಗಟ್ಟಿಯೂ ಆಗುತ್ತದೆ. ಸೀಸ ಸೇರಿದರೆ ದ್ರವ ಸಲೀಸಾಗಿ ಹರಿದು ಚಿತ್ತಾರದ ಗೀರುಗೀರಿಗೂ ಇಳಿಯುತ್ತದೆ. ಆದರೆ ಲೋಹದವನಿಗಿಂತ ಮಣ್ಣಿನವನೇ ಇಲ್ಲಿ ದೊಡ್ಡ ಕಲಾವಿದ ಎಂಬುದು ನನ್ನ ಎಣಿಕೆ. ಉತ್ತರ ಚೀನಾದ ಲೋಯೆಸ್ ಎಂಬ ನುಣ್ಣನೆಯ ಹಳದಿ ಮಣ್ಣು ಒಣಗಿದಾಗ ಹೆಚ್ಚು ಕುಗ್ಗುವುದಿಲ್ಲ. ಹಾಗಾಗಿ ಕೊಯ್ದ ಹೋಳುಗಳು ಮತ್ತೆ ಸರಿಯಾಗಿ ಕೂರುತ್ತಿದ್ದವು.

ಎಷ್ಟೇ ಜೋಡಿಸಿದರೂ ಹೋಳು ಸೇರುವಲ್ಲಿ ಲೋಹ ಸೋರಿ ಏಣು ಮೂಡುತ್ತದೆ. ಅದನ್ನು ಉಜ್ಜಿ ತೆಗೆಯಬಹುದು. ಶಾಂಗ್ ಜನ ಅದನ್ನೇ ಅಲಂಕಾರ ಮಾಡಿಕೊಂಡರು! ಅನೇಕ ಪಾತ್ರೆಗಳ ಮೂಲೆ ಮೂಲೆಯಲ್ಲಿ ಗರಗಸದಂತೆ ಚಾಚಿರುವ ಪಟ್ಟಿಗಳು ಹೋಳು ಸೇರಿದ ಗೆರೆಯನ್ನು ಮರೆಮಾಡುತ್ತವೆ. ಪಾತ್ರೆಗಳ ಮೇಲೆ ಕಣ್ಣರಳಿಸಿ ನೋಡುವ 'ತಾವೊತಿಯೆ' ಮೃಗದ ಮುಖವೂ ನಟ್ಟನಡುವಿನ ಗೆರೆಯ ಎಡಬಲಕ್ಕೆ ಸರಿಸಮವಾಗಿ ಹರಡಿರುತ್ತದೆ.

ಪಾತ್ರೆ ಹೊರಬರಬೇಕಾದರೆ ಅಚ್ಚು ಸಾಮಾನ್ಯವಾಗಿ ಒಡೆಯಲೇಬೇಕಿತ್ತು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಮುಂದೆ ಶಾನ್ಶಿ ಪ್ರಾಂತ್ಯದ ಹೌಮಾದ ಎರಕಶಾಲೆಯಲ್ಲಿ ಕೆತ್ತಿದ ಮಾದರಿ ಹಲಗೆಯನ್ನು ಹಸಿಮಣ್ಣಿಗೆ ಮತ್ತೆ ಮತ್ತೆ ಒತ್ತಿ, ಅದೇ ಚಿತ್ತಾರವನ್ನು ಹತ್ತಾರು ಪಾತ್ರೆಗಳಿಗೆ ಹರಡುವ ಜಾಣತನ ಬಂತು.